ನಾನಿಯ ಬಟ್ಟಲಲ್ಲಿ ಮರಿಯಂ ಪಂಜಾ

"ಅದು ಸತ್ತಿದೆ ಅಂತ ನನಗೆ ಗೊತ್ತಿಲ್ವೇನಪ್ಪಾ?"

ಮಂಗಳವಾರ ರಾತ್ರಿ ಎದುರು ಮನೆ ನಾನಿ ಹೇಳಿದ ಮಾತು. ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ತಂಗಿಯನ್ನು ಸಂಜೆ ಹೆರಿಗೆಗೆ ಸೇರಿಸಿ, ಫ್ಲಾಸ್ಕು, ಹಳೇ ಸೀರೆ ತರಲು ಮನೆಗೆ ಬಂದಿದ್ದೆ. ನಾನಿ ಜಗಲಿ ಮೇಲೆ ಸ್ಟೀಲ್ ಬಟ್ಟಲು ಇಟ್ಟುಕೊಂಡು ಕೂತಿದ್ದರು. ನೀರಲ್ಲಿ ಒಣಗಿದ ಮುಷ್ಟಿಯಂಥ ಕಡ್ಡಿ ಗಂಟು. ಮರಿಯಂ ಪಂಜಾ. ಅವರ ಅತ್ತೆ ಹಜ್‌ಗೆ ಹೋದಾಗ ತಂದಿದ್ದಂತೆ. ಹೆರಿಗೆ ನೋವು ಶುರುವಾದಾಗ ನೆನೆಸಬೇಕು, ಅದು ಅರಳಿದ ಹಾಗೆ ಹೆರಿಗೆಯೂ ಸಲೀಸು ಅಂತ ನಂಬಿಕೆ. ಆ ನೀರು ಕುಡಿಸ್ತೀನಿ ಅಂದಿದ್ದರೆ ಜಗಳವೇ ಆಡ್ತಿದ್ದೆ. ಅವರು ಆ ಮಾತೇ ಎತ್ತಲಿಲ್ಲ.

ಆದರೂ ಸಸ್ಯಶಾಸ್ತ್ರ ಪಾಠ ಮಾಡೋ ಬಾಯಿ ಸುಮ್ನಿರುತ್ತಾ? ಶುರು ಹಚ್ಚಿಕೊಂಡೆ. ನಾನಿ, ಇದು ಸಾಸಿವೆ ಕುಟುಂಬದ್ದು. ನಮ್ಮ ಮಾಲೂರು ಕಡೆ ಹೊಲದಲ್ಲಿರೋ ಎಲೆಕೋಸು, ಹೂಕೋಸು, ಮೂಲಂಗಿ ಎಲ್ಲ ಇದರ ನೆಂಟರೇ. ಆದರೆ ಅನಸ್ಟಾಟಿಕ ಅನ್ನೋ ಇದರ ಕುಲದಲ್ಲಿ ಇರೋದು ಇದೊಂದೇ ಪ್ರಭೇದ. ಅರೇಬಿಯಾ, ಈಜಿಪ್ಟ್ ಕಡೆ ಮರಳುಗಾಡಿನ ಗಿಡ. ಮಳೆ ಬಂದಾಗ ಹುಟ್ಟಿ, ಪುಟಾಣಿ ಬಿಳಿ ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತೆ. ಸಾಯುವಾಗ ಕೊಂಬೆಗಳನ್ನು ಒಳಕ್ಕೆ ಮಡಚಿ ಬೀಜ ಬಚ್ಚಿಟ್ಟುಕೊಳ್ಳುತ್ತೆ. ಮತ್ತೆ ಮಳೆ ಬಿದ್ದರೆ ಕೊಂಬೆ ಬಿಚ್ಚುತ್ತೆ, ಹನಿ ಬಡಿದು ಬೀಜ ಸಿಡಿಯುತ್ತೆ. ಜೀವ ಬಂದದ್ದಲ್ಲ. ಮಳೆಗಾಲದಲ್ಲಿ ನಮ್ಮನೆ ಬಾಗಿಲು ಉಬ್ಬಲ್ವಾ, ಹಾಗೆ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಬರೆದ ಪುಸ್ತಕದಲ್ಲೇ ಇದರ ಹೆಸರಿದೆ ಅಂತಲೂ ಸೇರಿಸಿದೆ. ಆ ಹೊತ್ತಲ್ಲಿ ಲಿನೇಯಸ್ ಯಾಕೆ ಬೇಕಿತ್ತೋ!

ನಾನಿ ಪೂರ್ತಿ ಕೇಳಿಸಿಕೊಂಡು ಆ ಮಾತು ಅಂದರು. ಆಮೇಲೆ, ಬಟ್ಟಲಿನಿಂದ ಕಣ್ಣು ತೆಗೆಯದೆ, "ನನ್ನನ್ನ ಒಳಗೆ ಬಿಡಲ್ಲ. ಏನಾದ್ರೂ ನೋಡ್ತಾ ಕೂರ್ಬೇಕಲ್ಲ" ಅಂದರು.

ಆಸ್ಪತ್ರೆಯಲ್ಲಿ ಭಾವನಿಗೆ ಹೇಳಿದೆ. "ಆನ್‌ಲೈನಲ್ಲಿ ಸಿಗುತ್ತೆ ಬಿಡಿ" ಅಂತ ಮೊಬೈಲ್ ತೋರಿಸಿದರು. ಭಾವನಿಗೆ ಎಲ್ಲವೂ ಎಲ್ಲೋ ಸಿಗುತ್ತೆ. ಅವರು ತೋರಿಸಿದ್ದು ಮೆಕ್ಸಿಕೋದ ಸೆಲಾಜಿನೆಲ್ಲ. ಹೂವೇ ಬಿಡದ ಗಿಡ ಅದು. ಒಣಗಿದರೂ ಸಾಯಲ್ಲ, ನೀರು ಸಿಕ್ಕರೆ ನಿಜವಾಗಿಯೂ ಹಸಿರಾಗುತ್ತೆ. ಎರಡನ್ನೂ ಜೆರಿಕೊ ಗುಲಾಬಿ ಅಂತಲೇ ಮಾರುತ್ತಾರೆ. ತಿದ್ದೋಣ ಅಂತ ಬಾಯಿ ತೆರೆದವನು ಮುಚ್ಚಿಕೊಂಡೆ. ಒಂದು ರಾತ್ರಿಗೆ ಒಂದು ಪಾಠ ಸಾಕು.

ಒಂದು ಗಂಟೆಯಾಯಿತು, ಎರಡಾಯಿತು. ಬೆಂಚಿನ ಎದುರು ಗೋಡೆಯಲ್ಲಿ ಗಡಿಯಾರ. ಒಂಬತ್ತೂ ಹತ್ತಕ್ಕೆ ನಿಂತುಹೋಗಿತ್ತು, ಯಾವ ಕಾಲಕ್ಕೋ. ಗೊತ್ತಿದ್ದೂ ಅದನ್ನೇ ನೋಡ್ತಾ ಕೂತಿದ್ದೆ.

ಬೆಳಗಿನ ಜಾವ ಹೆಣ್ಣು ಮಗು. ಏಳಕ್ಕೆ ಮನೆಗೆ ಬಂದರೆ ನಾನಿ ನಿದ್ದೆಗೆಟ್ಟ ಕಣ್ಣಲ್ಲಿ ಜಗಲಿಯಲ್ಲೇ ಇದ್ದರು. ಪಂಜಾ ಹಾಳೆ ಮೇಲೆ ಬಿಸಿಲಿಗೆ ಬಿದ್ದಿತ್ತು, ತುದಿಗಳು ಆಗಲೇ ಮುದುಡುತ್ತಿದ್ದವು.

"ತೂಕ ಎಷ್ಟು?" ಅಂತ ಕೇಳಿದರು. ನಾನು ಕೇಳಿಕೊಂಡೇ ಬಂದಿರಲಿಲ್ಲ.