ಕಬ್ಬಿನ ಗದ್ದೆಯಲ್ಲಿ "ಬೆಕ್ಕಿನ ಮರಿ" ಸಿಕ್ಕಾಗ

ಕಬ್ಬು ಅರೆಯುವ ಸೀಸನ್ ಶುರುವಾಗುವ ಮುಂಚಿನ ಮೀಟಿಂಗ್‌ನಲ್ಲಿ ಈ ಸಲ ಹೊಸದಾಗಿ ಸೇರಿದ ಫೀಲ್ಡ್‌ಮನ್ ಹುಡುಗನೊಬ್ಬ ಕೇಳಿದ, "ಸಾರ್, ನೀವು ಭಾನುವಾರ ಬೈನಾಕ್ಯುಲರ್ ಹಾಕಿಕೊಂಡು ಕೆರೆ ಏರಿ ಮೇಲೆ ಓಡಾಡ್ತೀರಂತೆ. ನಮ್ಮ ಕೆಲಸಕ್ಕೂ ಅದಕ್ಕೂ ಏನು ಸಂಬಂಧ?" ಅಷ್ಟರಲ್ಲಿ ಕೇನ್ ಆಫೀಸರ್ ರೈತರ ಒಪ್ಪಿಗೆ ಪಟ್ಟಿ ಓದೋಕೆ ಶುರು ಮಾಡಿದರು, ಮಾತು ಅಲ್ಲಿಗೇ ನಿಂತಿತು. ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಕಾರ್ಖಾನೆಗಳ ಫೀಲ್ಡ್ ಸಿಬ್ಬಂದಿಯೂ ಓದಲಿ ಅಂತ ಆಸೆ.

ನಾನು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕೇನ್ ವಿಭಾಗದಲ್ಲಿ ಇದ್ದೇನೆ. ನನ್ನ ಸೆಕ್ಷನ್ ಪೂರ್ತಿ ವಿಶ್ವೇಶ್ವರಯ್ಯ ನಾಲೆಯ ಬಯಲು. ಇಲ್ಲಿ ಒಂದು ಗದ್ದೆ ಕಡಿದರೆ ಪಕ್ಕದ್ದು ನಿಂತಿರುತ್ತದೆ, ಹಾಗಾಗಿ ವರ್ಷದ ಯಾವ ತಿಂಗಳಲ್ಲೂ ಆಳೆತ್ತರದ ಕಬ್ಬು ಇದ್ದೇ ಇರುತ್ತದೆ. ಒಳಗೆ ತಂಪು, ಪಕ್ಕದಲ್ಲೇ ನೀರು, ತಿನ್ನೋಕೆ ಇಲಿ, ಹಂದಿ, ಊರ ನಾಯಿ. ಪ್ರಾಣಿಗಳ ಪಾಲಿಗೆ ಇದೂ ಒಂದು ಕಾಡೇ. ನಮ್ಮ ರಿಜಿಸ್ಟರ್‌ನಲ್ಲಿ ಮಾತ್ರ ಅದು ಎಕರೆ, ತಳಿ, ನಾಟಿನೋ ಕೂಳೆನೋ (ಕಡಿದ ಬುಡದಿಂದ ಮತ್ತೆ ಚಿಗುರಿದ್ದು), ಅಂದಾಜು ಟನ್.

ನಮ್ಮದೊಂದು ಸಣ್ಣ ಬಳಗ ಇದೆ. ರಿಟೈರ್ ಆದ ಬಾಟನಿ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಕಾಲೇಜು ಹುಡುಗಿಯರು, ಒಬ್ಬ ಆಟೋ ಡ್ರೈವರ್. ಭಾನುವಾರ ಬೆಳಿಗ್ಗೆ ಎಲ್ಲಾದರೂ ಸೇರುತ್ತೇವೆ. ಜನವರಿಯಲ್ಲಿ ಕೆರೆಗಳ ನೀರುಹಕ್ಕಿ ಗಣತಿ. ಆಮೇಲೆ ಕೊಕ್ಕರೆ ಬೆಳ್ಳೂರಿಗೆ, ಹುಣಸೆ ಮರದ ಮೇಲೆ ಹೆಜ್ಜಾರ್ಲೆ ಗೂಡು ನೋಡೋಕೆ. ಒಮ್ಮೊಮ್ಮೆ ಮೇಲುಕೋಟೆ ಗುಡ್ಡಕ್ಕೆ. ತೋಳ ಉಳಿಯಲಿ ಅಂತ 1974ರಲ್ಲೇ ಅಲ್ಲಿ ವನ್ಯಧಾಮ ಮಾಡಿದ್ದರು ಅನ್ನೋದು ನನಗೆ ಗೊತ್ತಾಗಿದ್ದೇ ಬಳಗಕ್ಕೆ ಸೇರಿದ ಮೇಲೆ, ಆದರೆ ನಾನು ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯಲ್ಲಿ.

ಮೇಷ್ಟ್ರದ್ದು ಒಂದೇ ಹಟ. ಹೆಸರು ಆಮೇಲೆ, ಮೊದಲು ಕಂಡದ್ದನ್ನು ಬರೆಯಿರಿ. ಎಲೆ ಎದುರುಬದುರು ಇದೆಯಾ, ಒಂದು ಬಿಟ್ಟು ಒಂದಾ? ಮುರಿದರೆ ಹಾಲು ಬರುತ್ತಾ? ಎಕ್ಕದ ಗಿಡದ ಮುಂದೆ ನಮ್ಮನ್ನು ಅರ್ಧ ಗಂಟೆ ಕೂರಿಸಿದ್ದರು. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಹುಳು, ಮೈ ಮೇಲೆ ಮೂರು ಜೊತೆ ಕಪ್ಪು ಕೊಂಬು. ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ವಿಷ ತಿಂದು ಅದನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ಅದರ ಗೋಜಿಗೆ ಹೋಗೋದು ಕಡಿಮೆ. ಹೀಗೆ ನೋಡೋ ಅಭ್ಯಾಸ ಒಂದು ಸಲ ಬಂತು ಅಂದರೆ ಡ್ಯೂಟಿಯಲ್ಲೂ ಬಿಡೋದಿಲ್ಲ.

ಹೋದ ಸೀಸನ್‌ಗೆ ಮುಂಚೆ ಮೇಷ್ಟ್ರು ನನಗೋಸ್ಕರವೇ ಒಂದು ಪಾಠ ಇಟ್ಟಿದ್ದರು. ಕಾಡುಬೆಕ್ಕಿನ ಮರಿ ಮತ್ತು ಚಿರತೆ ಮರಿ, ಫೋಟೋಗಳು ಅಕ್ಕಪಕ್ಕ. ಕಾಡುಬೆಕ್ಕಿನ ಮರಿಗೆ ಮಣ್ಣಿನ ಬಣ್ಣ, ಕಾಲಿನ ಮೇಲೆ ಪಟ್ಟೆ, ಕಿವಿ ಚೂಪು. ಚಿರತೆ ಮರಿಗೆ ಕಿವಿ ಗುಂಡಗೆ, ಸಣ್ಣದು. ಪಾದ ಮೈಗೆ ಹೋಲಿಸಿದರೆ ದಪ್ಪ. ಚುಕ್ಕೆ ಎಷ್ಟು ಒತ್ತಾಗಿ ಇರುತ್ತವೆ ಅಂದರೆ ದೂರದಿಂದ ಬರೀ ಬೂದಿ ಬಣ್ಣ ಕಾಣುತ್ತದೆ. "ಕಬ್ಬಿನವನು ನೀನು. ನಮ್ಮೆಲ್ಲರಿಗಿಂತ ಮುಂಚೆ ನಿನ್ನ ಕಣ್ಣಿಗೇ ಬೀಳೋದು," ಅಂದಿದ್ದರು.

ಬಿತ್ತು. ಕೂಳೆ ಕಬ್ಬು, ಕಡಿಯೋಕೆ ಬಂದಿದ್ದ ಬಳ್ಳಾರಿ ಕಡೆಯ ಗ್ಯಾಂಗ್. ಮಧ್ಯಾಹ್ನ ಊಟ ಮುಗಿಸಿ ಎಲ್ಲ ಮತ್ತೆ ಸಾಲಿಗೆ ಇಳಿದಿದ್ದರು. ನಾನು ಬದುವಿನ ಮೇಲೆ ನಿಂತು ಲಾರಿಯವನ ಹತ್ತಿರ ಟೋಕನ್ ಮಾತಾಡುತ್ತಿದ್ದೆ. ಗ್ಯಾಂಗಿನ ಒಂದು ಪುಟ್ಟ ಹುಡುಗಿ ಫ್ರಾಕ್‌ನಲ್ಲಿ ಏನೋ ಮಡಿಚಿಕೊಂಡು ಬಂದಳು. ಹಿಂದೆ ಮೇಸ್ತ್ರಿ ನಗುತ್ತಾ, "ಬೆಕ್ಕಿನ ಮರಿ ಅದಾವ್ರಿ ಸಾರ್, ತರಗಿನಾಗ ಇದ್ವು," ಅಂದ. ಎರಡು ಮರಿ. ಒಂದು ಹುಡುಗಿಯ ತೋಳಿಗೆ ಮುಖ ಒತ್ತಿಕೊಂಡಿತ್ತು. ಇನ್ನೊಂದು ತಲೆ ಎತ್ತಿತು. ನೀಲಿ ಕಣ್ಣು. ಗುಂಡನೆಯ ಕಿವಿ. ಅವಳ ಬಟ್ಟೆಯನ್ನು ಹಿಡಿದಿದ್ದ ಮುಂಗಾಲು ಬೆಕ್ಕಿನದ್ದಂತೂ ಅಲ್ಲ.

ನನ್ನ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಮರಿಗಳ ವಿಷಯಕ್ಕಲ್ಲ. ಇಷ್ಟು ಸಣ್ಣ ಮರಿ ಇದೆ ಅಂದರೆ ತಾಯಿ ದೂರ ಹೋಗಿರೋದಿಲ್ಲ. ಉಳಿದಿದ್ದ ಕಬ್ಬು ಒಂದು ಎಕರೆಗಿಂತ ಕಡಿಮೆ. ಅದರ ಅಂಚಿನಲ್ಲಿ ಹೆಂಗಸರು ಬಗ್ಗಿ ಕಡಿಯುತ್ತಿದ್ದರು. ಒಬ್ಬರ ಕೂಸು ಅಲ್ಲೇ ಸೋಗೆ ಹಾಸಿ ಮಲಗಿತ್ತು.

ನಾನು ಜೋರಾಗಿ ಕೂಗಿದೆ. "ಚಿರತೆ ಮರಿ! ಎಲ್ಲ ಆಚೆ ಬನ್ನಿ!" ಕೂಗಿದರೆ ಎಲ್ಲರೂ ದೂರ ಓಡುತ್ತಾರೆ ಅಂತ ನನ್ನ ಲೆಕ್ಕ. ಗ್ಯಾಂಗಿನವರು ಆಚೆ ಬಂದರು ನಿಜ, ಕೂಸೂ ಬಂತು. ಆದರೆ ಲಾರಿ ಡ್ರೈವರ್ ಕೈಯಲ್ಲಿ ಆಗಲೇ ಫೋನ್ ಇತ್ತು. ಸ್ವಲ್ಪ ಹೊತ್ತಿಗೆಲ್ಲ ಎರಡು ಊರಿನ ಜನ ಬೈಕ್ ಏರಿಕೊಂಡು ಬಂದುಬಿಟ್ಟರು. ಹುಡುಗರು ಬದುವಿನ ತೆಂಗಿನ ಮರದ ಹತ್ತಿರ, ಕೆಲವರು ಲಾರಿ ಮೇಲೆ, ಇನ್ನು ಕೆಲವರು ನೇರ ಕಬ್ಬಿನ ಅಂಚಿಗೇ ಹೋಗಿ ಇಣುಕುತ್ತಿದ್ದಾರೆ. ಮರಿಗಳನ್ನು ಕೈಯಿಂದ ಕೈಗೆ ದಾಟಿಸಿ ಸೆಲ್ಫಿ. ಇದನ್ನು ನಾನು ಎಣಿಸಿರಲಿಲ್ಲ. ಆ ಹೆಸರು ಕಿವಿಗೆ ಬಿದ್ದರೆ ಜನ ಓಡಿಹೋಗೋದಿಲ್ಲ, ಓಡಿ ಬರುತ್ತಾರೆ. ಗುರುತು ಹಿಡಿಯೋದು ಹೇಗೆ ಅಂತ ಬಳಗ ಕಲಿಸಿತ್ತು, ಗುರುತು ಸಿಕ್ಕ ಮೇಲೆ ಮೊದಲ ಎರಡು ನಿಮಿಷ ಬಾಯಿ ಬಿಗಿಹಿಡಿದು ಏನು ಮಾಡಬೇಕು ಅನ್ನೋದನ್ನು ಆ ಗದ್ದೆ ಕಲಿಸಿತು. ಮೇಸ್ತ್ರಿಯ ಕಿವಿಯಲ್ಲಿ ಹೇಳಿ, ಟೀ ಬಂದಿದೆ ಅಂತ ಕರೆದಿದ್ದರೂ ಗ್ಯಾಂಗ್ ಆಚೆ ಬರುತ್ತಿತ್ತು.

ಜನರ ಭಯಕ್ಕೂ ಕಾರಣ ಇದೆ. 2022ರ ಕೊನೆಯಲ್ಲಿ ಪಕ್ಕದ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಒಬ್ಬ, "ಬೆಂಕಿ ಹಾಕ್ರೋ, ತಾಯಿ ಆಚೆ ಬರ್ತದೆ," ಅಂದಾಗ ಹತ್ತಾರು ಜನ ಹೂಂ ಅಂದರು. ಒಣ ತರಗು, ಗಾಳಿ ಬೇರೆ. ಬೆಂಕಿ ಬಿದ್ದಿದ್ದರೆ ಆ ಚಿರತೆ ಸುಟ್ಟು ಸಾಯಬೇಕಿತ್ತು, ಇಲ್ಲವೇ ಆ ಜನರ ಮೇಲೇ ನುಗ್ಗಬೇಕಿತ್ತು. ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಗದ್ದೆ ಯಜಮಾನರು ಮುಂದೆ ಬಂದು, "ನನ್ನ ಕಬ್ಬಿಗೆ ಕಡ್ಡಿ ಗೀರೋಕೆ ನೀವ್ಯಾರ್ರಯ್ಯ?" ಅಂತ ನಿಂತರು. ಅಷ್ಟಕ್ಕೇ ಅದು ನಿಂತಿತು.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ, ಆಮೇಲೆ ಮೇಷ್ಟ್ರಿಗೆ. ಅವರು ಮೊದಲು ಕಿವಿ, ಪಾದ ಎಲ್ಲ ವಿಚಾರಿಸಿದರು. "ಸರಿ. ಮರಿ ಎಲ್ಲಿ ಸಿಕ್ಕಿತೋ ಸರಿಯಾಗಿ ಅದೇ ಜಾಗಕ್ಕೆ ಗುರುತು ಹಾಕು. ಮರಿಗೆ ಹಾಲುಗೀಲು ಕುಡಿಸಬೇಡಿ. ಜನ ಇರೋವರೆಗೂ ತಾಯಿ ಬರಲ್ಲ." ನಡುವೆ ಕೇನ್ ಆಫೀಸಿನ ಫೋನ್ ಮೇಲೆ ಫೋನ್. ಯಾರ್ಡಿನಲ್ಲಿ ಕಬ್ಬಿಲ್ಲ, ಎರಡು ಲೋಡು ಎಲ್ಲಿ? ಕಡಿದು ಬಿದ್ದಿರೋ ಕಬ್ಬನ್ನು 24 ಗಂಟೆ ಒಳಗೆ ಅರೆಯದಿದ್ದರೆ ರಿಕವರಿ, ಅಂದರೆ ಕಬ್ಬಿನಿಂದ ಸಿಗೋ ಸಕ್ಕರೆ ಪ್ರಮಾಣ, ಬೀಳುತ್ತದೆ ಅಂತ ನನಗೇ ಪಾಠ. ಕಡಿದದ್ದನ್ನು ತುಂಬಿಸಿ ಕಳಿಸುತ್ತೇನೆ, ನಿಂತಿರೋದಕ್ಕೆ ಇವತ್ತು ಕತ್ತಿ ಹಾಕಿಸಲ್ಲ ಅಂದೆ. ಆ ಮಾತು ಹೇಳುವಾಗ ಕೈ ನಡುಗುತ್ತಿತ್ತು, ಆದರೂ ಹೇಳಿದೆ.

ಅರಣ್ಯ ಇಲಾಖೆಯವರು ಬಂದ ಮೇಲೂ ಜನ ಕದಲಲಿಲ್ಲ. ಕೊನೆಗೆ ಜಾಗ ಖಾಲಿ ಮಾಡಿಸಿದ್ದು ಡೈರಿ. ಸಂಜೆ ಹಾಲು ಹಾಕೋ ಹೊತ್ತಾಯಿತು, ಒಬ್ಬೊಬ್ಬರೇ ಹಸು ಕರೆಯೋಕೆ ಹೊರಟರು. ಆ ಪುಟ್ಟ ಹುಡುಗಿಯನ್ನು ಅಪ್ಪನ ಹೆಗಲ ಮೇಲೆ ಕೂರಿಸಿಕೊಂಡು ಜಾಗ ತೋರಿಸಿಕೊಂಡೆವು. ತರಗಿನ ನಡುವೆ ಒತ್ತಿದ ಒಂದು ತಗ್ಗು, ಪಕ್ಕದಲ್ಲಿ ಕೂದಲು. ಮರಿಗಳನ್ನು ಮಂಕರಿಯಲ್ಲಿ ಇಟ್ಟು ಅಲ್ಲೇ ಬಿಟ್ಟರು, ಒಂದು ಕ್ಯಾಮೆರಾ ಕಟ್ಟಿ, ನಾವೆಲ್ಲ ನಾಲೆ ಏರಿ ಮೇಲೆ ಜೀಪಿನ ಹತ್ತಿರ ಬಂದೆವು.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅಂತ ಯಜಮಾನರಿಗೆ ಗಟ್ಟಿ ನಂಬಿಕೆ. ಅದು ಹಾಗಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆಯೂ ಹೀಗೇ ಕಬ್ಬಿನ ಸೀಮೆ. ಅಲ್ಲಿ ಕಟಾವಿನಲ್ಲಿ ಸಿಕ್ಕ ಎಷ್ಟೋ ಮರಿಗಳನ್ನು ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಅನ್ನೋ ಸಂಸ್ಥೆ ಸೇರಿ ಇದೇ ರೀತಿ ತಾಯಿಗೆ ಒಪ್ಪಿಸಿದ್ದಾರೆ. ಮರಿ ಕಳೆದುಕೊಂಡ ತಾಯಿ ಅದೇ ಬಯಲಿನಲ್ಲಿ ಹುಡುಕಿಕೊಂಡು ಅಲೆಯುತ್ತದೆ. ಅಪಾಯ ಅದು. ಮರಿ ಸಿಕ್ಕಿದರೆ ಎತ್ತಿಕೊಂಡು ಜಾಗ ಬದಲಾಯಿಸುತ್ತದೆ. ನಮ್ಮ ಕ್ಯಾಮೆರಾದಲ್ಲೂ ಹಾಗೇ ಬಂತು. ರಾತ್ರಿ ಬಂದು ಒಂದನ್ನು ಕಚ್ಚಿಕೊಂಡು ಹೋಯಿತು, ಮತ್ತೆ ಬಂದು ಇನ್ನೊಂದನ್ನು. ಬೆಳಿಗ್ಗೆ ಆ ಫೋಟೋ ನೋಡಿ ಯಜಮಾನರ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ಆದರೆ ನನಗೆ ಇವತ್ತಿಗೂ ಚುಚ್ಚೋದು ಆಮೇಲೆ ಆಗಿದ್ದು. ನಮ್ಮ ಕಟಾವು ಆ್ಯಪ್‌ನಲ್ಲಿ ಕೆಲಸ ನಿಲ್ಲಿಸಿದರೆ ಕಾರಣ ಒತ್ತಬೇಕು. ಮಳೆ, ಗ್ಯಾಂಗ್ ಇಲ್ಲ, ಗಾಡಿ ಇಲ್ಲ, ರೈತರ ತಕರಾರು. ಅಷ್ಟೇ ಇರೋದು. ಯಾವುದಾದರೂ ಒಂದು ಒತ್ತದೆ ಸ್ಕ್ರೀನ್ ಮುಂದಕ್ಕೆ ಹೋಗಲ್ಲ. ಸೂಪರ್‌ವೈಸರ್ ಹೇಳಿದರು ಅಂತ ಕೊನೆಯದನ್ನು ಒತ್ತಿದೆ. ಅದು ಯಜಮಾನರ ಹೆಸರಿಗೆ ತಕರಾರು ಅಂತ ಬಿದ್ದು, ಉಳಿದ ಕಬ್ಬಿನ ಕಟಿಂಗ್ ಆರ್ಡರ್ ಹಿಂದಕ್ಕೆ ಹೋಯಿತು. ಗ್ಯಾಂಗ್ ಬೇರೆ ಊರಿಗೆ ಹೋಯಿತು. ಬೆಂಕಿಗೆ ಅಡ್ಡ ನಿಂತ ಮನುಷ್ಯನ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಕಳೆದುಕೊಂಡಿತು. ನಾನು ಆಫೀಸಿಗೆ ಅಲೆದು, ಅರಣ್ಯ ಇಲಾಖೆಯವರಿಂದ ಪತ್ರ ಬರೆಸಿ, ತಕರಾರು ತೆಗೆಸುವಷ್ಟರಲ್ಲಿ ನಷ್ಟ ಆಗಿಹೋಗಿತ್ತು.

ಹಾಗಾಗಿ ಈ ಸಲದ ಮೀಟಿಂಗ್‌ನಲ್ಲಿ ಎರಡು ಕೇಳಿದ್ದೇನೆ. ಆ್ಯಪ್‌ನಲ್ಲಿ "ವನ್ಯಜೀವಿ" ಅಂತ ಇನ್ನೊಂದು ಕಾರಣ ಸೇರಿಸಿ, ಆ ರೈತರ ಸರದಿ ಹಿಂದಕ್ಕೆ ಹೋಗಬಾರದು. ಗ್ಯಾಂಗ್ ಬಂದಿಳಿದ ದಿನವೇ ಮೇಸ್ತ್ರಿಗಳಿಗೆ ಅರ್ಧ ಗಂಟೆ ಆ ಫೋಟೋಗಳನ್ನು ತೋರಿಸೋಕೆ ಬಿಡಿ, ಮಕ್ಕಳನ್ನೂ ಕೂರಿಸಿಕೊಂಡು. ಎರಡನೆಯದಕ್ಕೆ ಒಪ್ಪಿದ್ದಾರೆ, ಮೇಷ್ಟ್ರೇ ಬರುತ್ತಾರೆ. ಮೊದಲನೆಯದಕ್ಕೆ ಸಾಫ್ಟ್‌ವೇರ್‌ನವರನ್ನು ಕೇಳಬೇಕು ಅಂದರು. ವಾರಕ್ಕೊಂದು ಸಲ ಹೋಗಿ ಕೇಳುತ್ತಿದ್ದೇನೆ. ನಿಮ್ಮ ಕಾರ್ಖಾನೆಯ ಆ್ಯಪ್‌ನಲ್ಲಿ ಅಂಥದ್ದೊಂದು ಕಾರಣ ಇದ್ದರೆ ಸ್ಕ್ರೀನ್‌ಶಾಟ್ ಕಳಿಸಿ, ನಮ್ಮ ಆಫೀಸರ್‌ಗೆ ತೋರಿಸಬೇಕು.