ಬಾಗಿಲಾಚೆ ಹೋದ ಸಿಗರೇಟು, ಒಳಗೇ ಉಳಿದ ಹೊಗೆ

ಬೆಂಗಳೂರಿನ ಬಾರು, ರೆಸ್ಟೋರೆಂಟುಗಳಲ್ಲಿ ಒಂದು ಕಾಲಕ್ಕೆ ಊಟದ ಮೇಜಿನ ಮೇಲೇ ಆಶ್‌ಟ್ರೇ ಇರುತ್ತಿತ್ತು. ಆಫೀಸಿನ ಮೆಟ್ಟಿಲ ಮೇಲೆ ಸಿಗರೇಟು ಹಚ್ಚಿದರೂ ಕೇಳುವವರಿರಲಿಲ್ಲ. ಹೊಗೆ ಆಗದವರೇ ಎದ್ದು ಬೇರೆ ಕಡೆ ಕೂರಬೇಕಿತ್ತು. ಈಗ ಸೇದುವವರೇ ಎದ್ದು ಹೊರಗೆ ಹೋಗುತ್ತಾರೆ, ಹೆಚ್ಚಿನವರು ಯಾರೂ ಹೇಳದೆಯೇ. 2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಮತ್ತು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಇದಕ್ಕೆ ದಾರಿ ಮಾಡಿದವು, ಜನ ಅದನ್ನು ರೂಢಿ ಮಾಡಿಕೊಂಡರು. ಜನ ಬದಲಾದಷ್ಟು ಕಟ್ಟಡ ನೋಡಿಕೊಳ್ಳುವವರು ಬದಲಾಗಿಲ್ಲ ಎಂಬುದೇ ನನ್ನ ತಕರಾರು.

ಮೊದಲು ‘ಧೂಮಪಾನ ನಿಷೇಧ’ ಫಲಕ. ಕಂಪ್ಯೂಟರಿನಲ್ಲಿ ಮುದ್ರಿಸಿದ ಎ4 ಹಾಳೆಯನ್ನು ಟೇಪು ಹಚ್ಚಿ ಅಂಟಿಸಿದರೆ ಸಾಲದು. ಬಿಳಿ ಹಿನ್ನೆಲೆಯ ಫಲಕ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಇರಬೇಕು. ಅದರಲ್ಲಿ ಕನಿಷ್ಠ 15 ಸೆಂ.ಮೀ. ವ್ಯಾಸದ ವೃತ್ತ, ವೃತ್ತಕ್ಕೆ 3 ಸೆಂ.ಮೀ. ದಪ್ಪದ ಕೆಂಪು ಅಂಚು, ಒಳಗೆ ಸಿಗರೇಟು ಅಥವಾ ಬೀಡಿಯ ಚಿತ್ರ, ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ. ಪ್ರವೇಶದ್ವಾರದಲ್ಲಿ ಒಂದು ಹಾಕಿದರೆ ಮುಗಿಯಲಿಲ್ಲ. ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ, ಲಿಫ್ಟಿನ ಬಾಗಿಲಲ್ಲೂ ಬೇಕು. ಎಲ್ಲರೂ ಬಿಟ್ಟುಬಿಡುವುದು ಒಂದೇ: ದೂರು ಯಾರಿಗೆ ಕೊಡಬೇಕು ಎಂಬ ಹೆಸರು. ಅದಿಲ್ಲದಿದ್ದರೆ ಗಿರಾಕಿ ವೇಟರಿಗೆ ಹೇಳುತ್ತಾನೆ, ವೇಟರು ಮ್ಯಾನೇಜರನ್ನು ಹುಡುಕುತ್ತಾನೆ, ಅಷ್ಟರಲ್ಲಿ ಸಿಗರೇಟು ಮುಗಿದಿರುತ್ತದೆ. ದೂರು ಬಂದರೂ ಸುಮ್ಮನಿದ್ದರೆ ಅಲ್ಲಿ ನಡೆದ ಅಪರಾಧಗಳ ಲೆಕ್ಕದಲ್ಲೇ ಮಾಲೀಕರಿಗೂ ದಂಡ ಬೀಳುತ್ತದೆ.

ಇನ್ನು ಸ್ಮೋಕಿಂಗ್ ರೂಮು. 30 ಅಥವಾ ಹೆಚ್ಚು ಕೊಠಡಿಗಳ ಹೋಟೆಲು, 30 ಅಥವಾ ಹೆಚ್ಚು ಆಸನಗಳ ರೆಸ್ಟೋರೆಂಟು, ವಿಮಾನ ನಿಲ್ದಾಣ, ಇಷ್ಟಕ್ಕೆ ಮಾತ್ರ ಅವಕಾಶ. ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರವಾಗಿ ಹೊರಗೆ ದಬ್ಬುವ ವ್ಯವಸ್ಥೆ ಇರಲೇಬೇಕು. ಒಳಗಿನ ಗಾಳಿಯ ಒತ್ತಡ ಕಟ್ಟಡದ ಉಳಿದ ಭಾಗಕ್ಕಿಂತ ಕಡಿಮೆ ಇರಬೇಕು. ಅಲ್ಲಿ ಊಟ, ಪಾನೀಯ ಕೊಡುವಂತಿಲ್ಲ. ಅರ್ಧ ಗೋಡೆ ಎಬ್ಬಿಸಿ ಟೇಬಲ್ ಹಾಕಿದ ಮಹಡಿಯ ಮೂಲೆ ಈ ಲೆಕ್ಕಕ್ಕೆ ಬರುವುದಿಲ್ಲ.

ಎಲ್ಲ ಕಟ್ಟಿದ ಮೇಲೂ ಹೊಗೆ ಊಟದ ಹಾಲಿಗೆ ಬರುತ್ತಿದ್ದರೆ ಮೊದಲು ಅಡುಗೆಮನೆ ನೋಡಿ. ಒಲೆಗಳ ಮೇಲಿನ ದೊಡ್ಡ ಚಿಮಣಿ ಫ್ಯಾನು ಇಡೀ ಹಾಲಿನ ಗಾಳಿಯನ್ನು ಎಳೆಯುತ್ತದೆ. ಹೊರಗಿನಿಂದ ಅಷ್ಟೇ ಹೊಸ ಗಾಳಿ ಬರದಿದ್ದರೆ ಹಾಲಿನ ಒತ್ತಡ ಸ್ಮೋಕಿಂಗ್ ರೂಮಿಗಿಂತಲೂ ಕೆಳಗಿಳಿದು ಹೊಗೆ ಇತ್ತಲೇ ಹರಿಯುತ್ತದೆ. ಪರೀಕ್ಷೆ ಸುಲಭ: ಹಚ್ಚಿದ ಊದಿನಕಡ್ಡಿಯನ್ನು ಬಾಗಿಲಿನ ಕೆಳಗಿನ ಸಂದಿಯ ಬಳಿ, ಹಾಲಿನ ಕಡೆಯಿಂದ ಹಿಡಿಯಿರಿ. ಹೊಗೆ ರೂಮಿನೊಳಕ್ಕೆ ಸೆಳೆದುಕೊಂಡು ಹೋಗಬೇಕು. ಚಿಮಣಿ ಪೂರ್ತಿ ಓಡುವ ಊಟದ ಹೊತ್ತಿನಲ್ಲೇ ಇದನ್ನು ಮಾಡಬೇಕು. ಬೆಳಿಗ್ಗೆ ಖಾಲಿ ಹೋಟೆಲಿನಲ್ಲಿ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಎಕ್ಸಾಸ್ಟ್ ಪೈಪು ಫಾಲ್ಸ್ ಸೀಲಿಂಗ್ ಮೇಲೇ ನಿಂತುಹೋಗಿರುವುದು, ಬಾಗಿಲಿಗೆ ಇಟ್ಟಿಗೆ ಒತ್ತು ಕೊಟ್ಟು ತೆರೆದಿಡುವುದು, ಸ್ಪ್ಲಿಟ್ ಎಸಿ ಇದ್ದರೆ ಸಾಕು ಎಂದುಕೊಳ್ಳುವುದು ಕೂಡ ಸಾಮಾನ್ಯ. ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಇಷ್ಟೆಲ್ಲ ಖರ್ಚು ಮಾಡುವ ಬದಲು ರೂಮನ್ನೇ ಮುಚ್ಚುವುದು ವಾಸಿ. ಎಂಥ ಫ್ಯಾನು ಹಾಕಿದರೂ ಒಳಗೆ ಗುಡಿಸಲು ಹೋಗುವ ಹುಡುಗನ ಪಾಲಿನ ಹೊಗೆ ತಪ್ಪುವುದಿಲ್ಲ.

ಟೆಕ್ ಪಾರ್ಕುಗಳ ಸಮಸ್ಯೆ ಗೇಟಿನದು. ಬೂದಿ ಡಬ್ಬ ಎಲ್ಲಿದೆಯೋ ಜನ ಅಲ್ಲೇ ಗುಂಪುಗೂಡುತ್ತಾರೆ. ಆ ಡಬ್ಬವನ್ನು ಲಾಬಿಯ ಬಾಗಿಲ ಪಕ್ಕದಿಂದಲೂ ಎಸಿಗೆ ಹೊಸ ಗಾಳಿ ಎಳೆಯುವ ಜಾಲರಿಯ ಬಳಿಯಿಂದಲೂ ತೆಗೆಸಿ. ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯ ಹೊಗೆ ಮೇಲ್ಮನೆಗೆ ಬರುವುದು ಹೆಚ್ಚಾಗಿ ಬಚ್ಚಲುಮನೆಯ ಡಕ್ಟಿನಿಂದ. ಮೇಲಿನವರು ಎಕ್ಸಾಸ್ಟ್ ಫ್ಯಾನಿಗೆ ತಾನೇ ಮುಚ್ಚಿಕೊಳ್ಳುವ ರೆಕ್ಕೆಯ ಮುಚ್ಚಳ ಹಾಕಿಸಿ, ಪೈಪಿನ ಸುತ್ತಲ ಸಂದಿ ತುಂಬಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ದಂಡ 200 ರೂಪಾಯಿಯಿಂದ 1,000 ರೂಪಾಯಿವರೆಗೆ ಏರಿದೆ, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ಬಿಡಿ ಸಿಗರೇಟು ಮಾರುವಂತಿಲ್ಲ. ಆದರೂ ಟೀ ಅಂಗಡಿಯಲ್ಲಿ ಒಂದು ಟೀ, ಒಂದು ಸಿಗರೇಟು ಎಂಬ ಲೆಕ್ಕ ನಡೆದೇ ಇದೆ. ಪಕ್ಕದ ಬಸ್ ಸ್ಟಾಪು ಬಯಲಲ್ಲಿದೆ ಎಂದು ಅಲ್ಲೂ ಹಚ್ಚುತ್ತಾರೆ. 2008ರ ನಿಯಮದಲ್ಲಿ ಬಸ್ ಸ್ಟಾಪಿಗೆ ಬಯಲು ಜಾಗದ ವಿನಾಯಿತಿ ಇಲ್ಲ.

ಅಲ್ಲಿ ಕಾನೂನು ಓದಿ ಹೇಳಿದರೆ ಜಗಳವಾಗುತ್ತದೆ, ಆರೋಗ್ಯದ ಉಪದೇಶ ಇನ್ನೂ ಕೆಟ್ಟದ್ದು. “ಸಾರ್, ಗಾಳಿ ಈ ಕಡೆ ಬೀಸ್ತಿದೆ, ಸ್ವಲ್ಪ ಆ ಮರದ ಹತ್ರ ಹೋಗ್ತೀರಾ?” ಎಂದು ಜಾಗ ತೋರಿಸಿ ಕೇಳಿದರೆ ಹೆಚ್ಚಿನವರು ಹೋಗುತ್ತಾರೆ, ಹದಿನೈದು ವರ್ಷದ ಹಿಂದೆ ಇದೇ ಮಾತಿಗೆ ದುರುಗುಟ್ಟಿ ನೋಡುತ್ತಿದ್ದರು. ಬಿಡಬೇಕು ಅನ್ನುವವರಿಗಾಗಿ 1800-11-2356 ಎಂಬ ಉಚಿತ ಸಂಖ್ಯೆಯನ್ನು ಆಫೀಸಿನ ಫಲಕದ ಪಕ್ಕದಲ್ಲೇ ಬರೆಸಿಡಿ, ಕನ್ನಡದಲ್ಲೂ ಮಾತಾಡುತ್ತಾರೆ.