ಬ್ಲೈಟನ್ ಪಟ್ಟಿ: ಫ್ಯಾನಿ, ಫ್ರ್ಯಾನಿ ಕೊನೆಗೂ ಒಂದಾದರು

ಇಂಗ್ಲಿಷ್ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ಬರೆದದ್ದಕ್ಕೆಲ್ಲ ನಾನು ಕಂಪ್ಯೂಟರಿನಲ್ಲಿ ಮಾಡುತ್ತಿರುವ ಪಟ್ಟಿ ಕೊನೆಗೂ ಸುಳ್ಳು ಹೇಳುವುದನ್ನು ಬಿಟ್ಟಿದೆ. ಪೂರ್ತಿ ಬಿಟ್ಟಿಲ್ಲ, ಆದರೆ ಹಗಲುದರೋಡೆಯಂತೂ ನಿಂತಿದೆ.

ಸ್ಕ್ಯಾನ್ ಮಾಡಿದ್ದು, ಚಿತ್ರದಿಂದ ಅಕ್ಷರ ಓದುವ ಓಸಿಆರ್ ಓಡಿಸಿದ್ದು, ಪುಟದ ನಂಬರ್ ಕಿತ್ತಿದ್ದು ಇದನ್ನೆಲ್ಲ ಮತ್ತೆ ಬರೆಯಲ್ಲ, ಈ ಹುಚ್ಚು ಇರುವವರಿಗೆಲ್ಲ ಗೊತ್ತಿರುವುದೇ. ಈ ಸಲ ಒಂದೇ ತಲೆನೋವಿನ ಕಥೆ. ಒಂದೇ ಕಥೆ ಬೇರೆ ಬೇರೆ ಪುಸ್ತಕಗಳಲ್ಲಿ ಕೂತಿದ್ದರೆ, ಅದು ಒಂದೇ ಅಂತ ಕಂಪ್ಯೂಟರಿಗೆ ಹೇಳುವುದು ಹೇಗೆ?

ಈಯಮ್ಮ ಎಷ್ಟು ಪುಸ್ತಕ ಬರೆದರು ಅಂತ ಕೇಳಿ ನೋಡಿ. 600 ಅನ್ನುವವರಿದ್ದಾರೆ, 700ಕ್ಕೂ ಜಾಸ್ತಿ ಅನ್ನುವವರಿದ್ದಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಎಣಿಸುತ್ತಿರುವ ವಸ್ತುವೇ ಬೇರೆ ಬೇರೆ. 1926ರಲ್ಲಿ ಶುರುವಾದ ಸನ್ನಿ ಸ್ಟೋರೀಸ್ ಪತ್ರಿಕೆಗೆ ಅವರೇ ಸಂಪಾದಕಿ. 1937ರಲ್ಲಿ ಪತ್ರಿಕೆಯ ಹೆಸರಿಗೇ ಎನಿಡ್ ಬ್ಲೈಟನ್ ಅಂತ ಅಂಟಿಕೊಂಡಿತು. ಅಲ್ಲಿ ಬಂದ ಸಣ್ಣ ಕಥೆ ಆಮೇಲೆ ಒಂದು ಸಂಕಲನಕ್ಕೆ ಹೋಗುತ್ತದೆ, ಹತ್ತು ವರ್ಷ ಬಿಟ್ಟು ಇನ್ನೊಂದು ಪ್ರಕಾಶಕರ ದಪ್ಪ ರಟ್ಟಿನ ಪುಸ್ತಕದಲ್ಲಿ ಹೊಸ ಅಂಗಿ ತೊಟ್ಟು ನಿಲ್ಲುತ್ತದೆ, ಕೆಲವೊಮ್ಮೆ ಹೆಸರೂ ಬದಲಾಗಿರುತ್ತದೆ. ಪುಸ್ತಕ ಎಣಿಸಿದರೆ ಮೂರು. ಬರೆದದ್ದು ಒಂದು.

ಹಾಗಾಗಿ ಕಥೆಗೊಂದು ಟೇಬಲ್, ಪುಸ್ತಕಕ್ಕೊಂದು ಟೇಬಲ್, ಯಾವ ಕಥೆ ಯಾವ ಪುಸ್ತಕದಲ್ಲಿದೆ ಅಂತ ನಡುವೆ ಇನ್ನೊಂದು. ಇಲ್ಲಿವರೆಗೆ ಸುಲಭ. ಕಥೆಗೆ ಗುರುತು ಏನು ಕೊಡುವುದು? ಶೀರ್ಷಿಕೆ ನಂಬುವ ಹಾಗಿಲ್ಲ. ಮೊದಲ ವಾಕ್ಯವನ್ನೇ ಗುರುತಾಗಿ ಇಟ್ಟುಕೊಂಡರೆ ಸಾಕು ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತುಂಬಾ ದಿನ ಚೆನ್ನಾಗಿಯೇ ಓಡಿತು.

ಆಮೇಲೆ ದಿ ಎನ್‌ಚಾಂಟೆಡ್ ವುಡ್ ಬಂತು.

1939ರ ಪುಸ್ತಕ ಇದು, ಮುಗಿಲು ಮುಟ್ಟುವ ಮರದ ಕಥೆ. ಮೊದಲ ವಾಕ್ಯದಲ್ಲೇ ಮೂರೂ ಮಕ್ಕಳ ಹೆಸರಿದೆ: ಜೋ, ಬೆಸ್ಸಿ, ಫ್ಯಾನಿ. ಹೊಸ ಮುದ್ರಣ ತೆಗೆದರೆ ಬೆಸ್ಸಿ ಹೋಗಿ ಬೆತ್ ಆಗಿದ್ದಾಳೆ, ಫ್ಯಾನಿ ಫ್ರ್ಯಾನಿ ಆಗಿದ್ದಾಳೆ. ಜೋ ಹೆಸರಿನ ಕೊನೆಗೂ ಒಂದು ಅಕ್ಷರ ಸೇರಿದೆ, ಕನ್ನಡದಲ್ಲಿ ನಮಗೆ ಕಾಣದಿದ್ದರೂ ಕಥೆ ಹೋಲಿಸುವ ನನ್ನ ಕಂಪ್ಯೂಟರ್ ಸ್ಕ್ರಿಪ್ಟಿಗೆ ಅವನು ಬೇರೆಯೇ ಹುಡುಗ. ಮುಂದಿನ ಭಾಗಗಳಲ್ಲಿ ಡಿಕ್ ರಿಕ್ ಆದ, ಮಕ್ಕಳ ಕೆನ್ನೆಗೆ ಬಾರಿಸುತ್ತಿದ್ದ ಡೇಮ್ ಸ್ಲ್ಯಾಪ್ ಡೇಮ್ ಸ್ನ್ಯಾಪ್ ಆಗಿ ಬರೀ ಬೈಯುತ್ತಾಳೆ. ನನ್ನ ಸ್ಕ್ರಿಪ್ಟ್ ನಿಯತ್ತಾಗಿ ಇವೆರಡೂ ಬೇರೆ ಪುಸ್ತಕ ಅಂದಿತು. ಸರಿ, ಮೊದಲ ವಾಕ್ಯ ಬೇಡ, ಕೊನೆಯದು ಹಿಡಿಯೋಣ ಅಂದರೆ ಈ ಬರಹಗಾರ್ತಿಯ ಸಣ್ಣ ಕಥೆಗಳ ಕೊನೆ ನಿಮಗೆ ಗೊತ್ತಲ್ಲ, ತಂಟೆ ಮಾಡಿದ ಪುಟಾಣಿಗೆ ಬುದ್ಧಿ ಬಂತೋ ಇಲ್ಲವೋ ಅಂತ ಓದುಗರನ್ನೇ ಕೇಳಿ ಮುಗಿಸುವುದು ಜಾಸ್ತಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಕಥೆಗಳೆಲ್ಲ ಅಣ್ಣತಮ್ಮಂದಿರಾಗಿಬಿಟ್ಟವು.

ನಾಲ್ಕು ಮಕ್ಕಳು, ಒಂದು ನಾಯಿಯ ಸಾಹಸಗಳ ಸರಣಿ ಫೇಮಸ್ ಫೈವ್ ಇನ್ನೂ ಮೋಜು. 2010ರಲ್ಲಿ ಪ್ರಕಾಶಕರು ಹಳೇ ಮಾತುಗಳನ್ನೆಲ್ಲ ತೆಗೆದು ಈಗಿನ ಇಂಗ್ಲಿಷಿಗೆ ತಂದರು. ಓದುಗರಿಗೆ ಹಿಡಿಸಲಿಲ್ಲ, 2016ರಲ್ಲಿ ಅದನ್ನು ಕೈಬಿಟ್ಟು ಹಳೇ ಮಾತಿಗೇ ವಾಪಸ್. ಅಲ್ಲಿಗೆ ನನ್ನ ಕಪಾಟಿನಲ್ಲಿ ಹಳೇದು, ತಿದ್ದಿದ್ದು, ತಿದ್ದಿದ್ದನ್ನು ಬಿಟ್ಟಿದ್ದು ಅಂತ ಮೂರು ಜಾತಿ.

ಪರಿಹಾರ ಕೊನೆಗೆ ಸಿಕ್ಕಿದ್ದು ಹೀಗೆ. ಮೊದಲು ಹೆಸರುಗಳನ್ನೆಲ್ಲ ಕಿತ್ತುಹಾಕುವುದು. ಇಂಗ್ಲಿಷ್ ಆಗಿದ್ದಕ್ಕೆ ಇದು ಸಾಧ್ಯ: ವಾಕ್ಯದ ನಡುವೆ ಎಲ್ಲಾದರೂ ದೊಡ್ಡಕ್ಷರದಲ್ಲಿ ಬರುವ ಪದ ಹೆಚ್ಚುಕಡಿಮೆ ಹೆಸರೇ, ಅದನ್ನು ಪಟ್ಟಿ ಮಾಡಿ ಇಡೀ ಪಠ್ಯದಿಂದ ತೆಗೆದರೆ ವಾಕ್ಯದ ಶುರುವಿನಲ್ಲಿ ಅಡಗಿರುವವೂ ಹೋಗುತ್ತವೆ. ದುಡ್ಡಿನ ಪದಗಳೂ ಔಟ್, ಯಾಕೆಂದರೆ ಶಿಲ್ಲಿಂಗು ಪೆನ್ನಿಗಳನ್ನು ಆಮೇಲೆ ಹೊಸ ಪೆನ್ಸ್ ಮಾಡಿದ್ದಾರೆ. ಉಳಿದ ಪಠ್ಯವನ್ನು ಐದೈದು ಪದಗಳ ಸಾಲಾಗಿ, ಒಂದರ ಮೇಲೊಂದು ಏರುವ ಹಾಗೆ ಕತ್ತರಿಸಿ ಹೋಲಿಸುವುದು. ಅರ್ಧಕ್ಕಿಂತ ಜಾಸ್ತಿ ಹೊಂದಿದರೆ ಒಂದೇ ಕಥೆ. ಫ್ಯಾನಿ, ಫ್ರ್ಯಾನಿ ತಕ್ಷಣ ಒಂದಾದರು. ಮೇಜು ಕುಟ್ಟಿದ ಸದ್ದಿಗೆ ಅಮ್ಮ ಒಳಗಿಂದ ಬಂದು "ಏನಾಯ್ತೋ?" ಅಂದರು. ಫ್ಯಾನಿ ವಿಷಯ ಹೇಗೆ ವಿವರಿಸಲಿ.

ಲೇಖಕರ ಹೆಸರಿನ ಕಾಲಮ್ ಕೂಡ ಒಡೆಯಬೇಕಾಯಿತು, ಅದಕ್ಕೆ ಕಾರಣ ಮೇರಿ ಪೊಲಾಕ್. ಬ್ಲೈಟನ್ ತಮ್ಮ ನಡುವಿನ ಹೆಸರು ಮೇರಿಯನ್ನೂ ಮೊದಲ ಗಂಡ ಹ್ಯೂ ಪೊಲಾಕ್ ಅವರ ಹೆಸರನ್ನೂ ಸೇರಿಸಿಕೊಂಡು 1940ರಿಂದ ಕೆಲವು ಪುಸ್ತಕ ತಂದರು. ತ್ರೀ ಬಾಯ್ಸ್ ಅಂಡ್ ಎ ಸರ್ಕಸ್, ಆಮೇಲೆ 1943ರ ಸ್ಮಗ್ಲರ್ ಬೆನ್, ಇಂಥವು. ಮುಂದೆ ಅವೇ ಬ್ಲೈಟನ್ ಹೆಸರಿನಲ್ಲಿ ಮರುಮುದ್ರಣವಾದವು. ಈಗ ವ್ಯಕ್ತಿ ಒಂದು ಕಡೆ, ರಟ್ಟಿನ ಮೇಲಿನ ಹೆಸರು ಇನ್ನೊಂದು ಕಡೆ.

ಇನ್ನು ಪುಸ್ತಕ ಮಾರುವವರ ಬಗ್ಗೆ ಸ್ವಲ್ಪ ಗೋಳು. ಅರವತ್ತು, ಎಪ್ಪತ್ತರ ದಶಕದ ಅಗ್ಗದ ಮರುಮುದ್ರಣಗಳಲ್ಲಿ ಎಷ್ಟೋ ಸಲ ಇಸವಿಯೇ ಇರಲ್ಲ. ಹೊದಿಕೆಯ ಮೂಲೆಯ ಬೆಲೆಯೇ ನಮಗೆ ದಿಕ್ಕು: ಶಿಲ್ಲಿಂಗ್ ಮಾತ್ರ ಇದ್ದರೆ ಬ್ರಿಟನ್ ನಾಣ್ಯ ಪದ್ಧತಿ ಬದಲಿಸಿದ 1971ರ ಫೆಬ್ರವರಿಗಿಂತ ಹಿಂದೆ, ಹೊಸ ಪೆನ್ಸ್ ಮಾತ್ರ ಇದ್ದರೆ ಆಮೇಲೆ. ಎರಡೂ ಇದ್ದರೆ ಆ ಬದಲಾವಣೆಯ ಆಸುಪಾಸು. ಇಷ್ಟು ಸುಲಭದ ಸುಳಿವನ್ನು ಉಡುಗೊರೆ ಕೊಡುವವರು ಕತ್ತರಿ ಹಿಡಿದು ಮೂಲೆ ಸಮೇತ ತೆಗೆದುಬಿಟ್ಟಿರುತ್ತಾರೆ! ಆನ್‌ಲೈನ್ ಮಾರಾಟಗಾರರೊಬ್ಬರಿಗೆ "ಮೂಲೆಯ ಫೋಟೋ ಕಳಿಸಿ" ಅಂದೆ. ಮೂಲೆ ಕಳಿಸಿದರು. ಹಿಂಬದಿ ರಟ್ಟಿನ ಕೆಳಮೂಲೆ. ಇನ್ನೊಬ್ಬರು ಐವತ್ತರ ದಶಕದ ಗಟ್ಟಿ ರಟ್ಟಿನದು ಅಂತ ದುಡ್ಡು ತಗೊಂಡು ತೊಂಬತ್ತರ ಪೇಪರ್‌ಬ್ಯಾಕ್ ಕಳಿಸಿ, ಕೇಳಿದರೆ "ಕಥೆ ಅದೇ ಅಲ್ವಾ ಸರ್" ಅಂದರು. ನನ್ನ ಸ್ಕ್ರಿಪ್ಟಿನ ಪ್ರಕಾರ ಅವರು ಹೇಳಿದ್ದು ಸರಿ. ಅದೇ ಉರಿ.

ಹೊಸ ಟೇಬಲಿನಲ್ಲಿ ಮೊದಲು ಅಚ್ಚಾದ ವರ್ಷ ಹಿಡಿದು ಗ್ರಾಫ್ ಹಾಕಿದೆ. ನಾವೆಲ್ಲ ಬ್ಲೈಟನ್ ಅಂದರೆ 1942ರ ಫೈವ್ ಆನ್ ಎ ಟ್ರೆಷರ್ ಐಲ್ಯಾಂಡ್‌ನಿಂದ ಶುರು ಮಾಡುತ್ತೇವೆ ಅಲ್ವಾ? ಮೊದಲ ಪುಸ್ತಕ ಚೈಲ್ಡ್ ವಿಸ್ಪರ್ಸ್ ಬಂದದ್ದು 1922ರಲ್ಲಿ, 24 ಪುಟದ ಪದ್ಯ. ಆಮೇಲೆ ಪೂರ್ತಿ ಪದ್ಯ, ಯಕ್ಷಿಣಿ ಕಥೆ, ಪ್ರಕೃತಿ ಪಾಠ, ಟೀಚರುಗಳ ವಾರಪತ್ರಿಕೆಗೆ ಅಂಕಣ. ಅವರೇ ಟೀಚರ್ ಆಗಿದ್ದವರು. ಪೂರ್ಣ ಪ್ರಮಾಣದ ಮೊದಲ ಸಾಹಸ ಕಾದಂಬರಿ ದಿ ಸೀಕ್ರೆಟ್ ಐಲ್ಯಾಂಡ್ ಸನ್ನಿ ಸ್ಟೋರೀಸ್‌ನಲ್ಲಿ ಧಾರಾವಾಹಿಯಾಗಿ ಬಂದು 1938ರಲ್ಲಿ ಪುಸ್ತಕವಾಯಿತು. ಮೊದಲ ಪುಸ್ತಕಕ್ಕೂ ಇದಕ್ಕೂ ನಡುವೆ 16 ವರ್ಷ! ಅಲ್ಲಿಂದ ಮುಂದೆ ಮಾತ್ರ ಕಟ್ಟೆ ಒಡೆದ ಹಾಗೆ. ಸರಣಿಗಳು ಶುರುವಾದ ವರ್ಷ ನೋಡಿ: ಸೇಂಟ್ ಕ್ಲೇರ್ಸ್ 1941, ಫೈಂಡ್ ಔಟರ್ಸ್ 1943, ಅಡ್ವೆಂಚರ್ ಸರಣಿ 1944, ಮ್ಯಾಲರಿ ಟವರ್ಸ್ 1946. 1949ರಲ್ಲಂತೂ ಸೀಕ್ರೆಟ್ ಸೆವೆನ್, ನಾಡ್ಡಿ ಎರಡೂ ಶುರು.

ಯುದ್ಧದಲ್ಲಿ ಬ್ರಿಟನ್ನಿನಲ್ಲಿ ಕಾಗದಕ್ಕೆ ರೇಷನ್ ಇತ್ತು. ಆದರೂ ಗ್ರಾಫ್ ಯಾಕೆ ಏರುತ್ತದೆ? ಪ್ರಕಾಶಕರ ಕಾಲಮ್ ಬಣ್ಣ ಹಾಕಿ ನೋಡಿ. ಫೈವ್ ಹಾಡರ್ ಅವರದು, ಸೇಂಟ್ ಕ್ಲೇರ್ಸ್, ಮ್ಯಾಲರಿ ಟವರ್ಸ್ ಶಾಲೆ ಕಥೆಗಳು ಮೆಥ್ಯೂನ್, ಅಡ್ವೆಂಚರ್ ಮ್ಯಾಕ್‌ಮಿಲನ್, ಸೀಕ್ರೆಟ್ ಐಲ್ಯಾಂಡ್ ಸರಣಿ ಬ್ಲ್ಯಾಕ್‌ವೆಲ್, ಪತ್ರಿಕೆ ನ್ಯೂನ್ಸ್. ಒಬ್ಬೊಬ್ಬರಿಗೂ ಅವರವರ ಕಾಗದದ ಕೋಟಾ. ಒಬ್ಬರೇ ಪ್ರಕಾಶಕರನ್ನು ನಂಬಿ ಕೂತಿದ್ದರೆ ಇಷ್ಟು ಬರುತ್ತಿರಲಿಲ್ಲ ಅನ್ನುವುದು ನನ್ನ ಊಹೆ.

ಇಷ್ಟೆಲ್ಲ ಒಬ್ಬರೇ ಬರೆದಿದ್ದಾ ಅನ್ನುವ ಅನುಮಾನ ಆಗಲೇ ಇತ್ತು. ಬೇರೆಯವರ ಕೈಲಿ ಬರೆಸುತ್ತಾರೆ ಅಂತ ಹೇಳಿದವರ ಮೇಲೆ ಅವರು ಕೋರ್ಟಿಗೆ ಹೋಗಿ ಬಹಿರಂಗ ಕ್ಷಮೆ ಕೇಳಿಸಿಕೊಂಡರು. ತೊಡೆ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಸುಮ್ನೆ ಕಾಯುತ್ತೇನೆ, ಪಾತ್ರಗಳು ಕಣ್ಣೆದುರು ಬಂದು ನಿಲ್ಲುತ್ತವೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಮೆಕೆಲರ್‌ಗೆ 1953ರಲ್ಲಿ ಪತ್ರ ಬರೆದಿದ್ದರು. ನನ್ನ ಐದು ಪದದ ಕತ್ತರಿಗೆ ಇದನ್ನು ಸಾಬೀತು ಮಾಡುವ ತಾಕತ್ತಿಲ್ಲ, ಕೇಳಬೇಡಿ.

ನಡುವೆ ಒಂದು ಮಜಾ. ಫೇಮಸ್ ಫೈವ್ ಅಂದ ಕೂಡಲೇ ಜನ ಹೇಳುವ 'ಲ್ಯಾಷಿಂಗ್ಸ್ ಆಫ್ ಜಿಂಜರ್ ಬಿಯರ್' (ಧಾರಾಳವಾಗಿ ಶುಂಠಿ ಪಾನೀಯ) ಅನ್ನುವ ಮಾತು 21 ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಅದು 1982ರ ಟಿವಿ ಅಣಕದ್ದು. ಹಾಗಾಗಿ ಈ ಮಕ್ಕಳು ತಿಂದದ್ದಕ್ಕೆಲ್ಲ ಸೂಚಿ ಮಾಡುವ ಆಸೆ ಹುಟ್ಟಿದೆ. ಅದಕ್ಕಿಂತ ದೊಡ್ಡ ಆಸೆ ನಮ್ಮ ಭಾರತ-ಭಾರತಿ ಪುಟ್ಟ ಪುಸ್ತಕಗಳ ಪಟ್ಟಿ: 500ಕ್ಕೂ ಜಾಸ್ತಿ ಇವೆ. ಆದರೆ ಕನ್ನಡದಲ್ಲಿ ದೊಡ್ಡಕ್ಷರವಿಲ್ಲ, ಹೆಸರು ಕೀಳುವ ಉಪಾಯ ಅಲ್ಲಿ ನಡೆಯಲ್ಲ. ವಿಭಕ್ತಿ ಬೇರೆ ಅಂಟಿಕೊಂಡಿರುತ್ತದೆ. ಯಾರಾದರೂ ಕನ್ನಡ ಪಠ್ಯದಲ್ಲಿ ಹೆಸರು ಹುಡುಕುವುದನ್ನು ಮಾಡಿದ್ದರೆ ಹೇಳಿ. ಹಾಗೇ 1937ರ ಸನ್ನಿ ಸ್ಟೋರೀಸ್ ಸಂಚಿಕೆಗಳು ಯಾರ ಹತ್ತಿರವಾದರೂ ಇದ್ದರೆ ಬರೀ ಪರಿವಿಡಿ ಪುಟದ ಫೋಟೋ ಸಾಕು, ಮೂಲೆ ಬೇಡ.